ಹಂಪಿ ಬಜಾರಿನಲ್ಲಿ ಉಳಿದದ್ದೇನು?

1565ರ ಯುದ್ಧದ ಬಳಿಕ ವಿಜಯನಗರ ಹಾಳಾದರೂ ವಿರೂಪಾಕ್ಷನ ಗುಡಿ ಉಳಿಯಿತು. ಅದರೆದುರಿನ ತೇರುಬೀದಿಯ ಸಾಲುಮಂಟಪಗಳಲ್ಲಿ ಕಾಲಾಂತರದಲ್ಲಿ ಜನ ಮತ್ತೆ ನೆಲೆಸಿದರು. ಹಣ್ಣು-ಕಾಯಿ, ಖಾನಾವಳಿಗಳಿಂದ ಬಜಾರು ಮತ್ತೆ ಬಜಾರಾಯಿತು. 2011ರ ಜುಲೈನಲ್ಲಿ ಜೆಸಿಬಿಗಳು ಆ ಮನೆ-ಅಂಗಡಿಗಳನ್ನು ಕೆಡವಿದವು. ಅಲ್ಲಿ ನೆಲೆಸಿದವರು ಸ್ಮಾರಕಕ್ಕೇ ಗೋಡೆ ಕಟ್ಟಿ ಸುಣ್ಣ ಬಳಿದದ್ದು ತಪ್ಪಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. 1986ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಜಾಗಕ್ಕೆ ಕಟ್ಟುನಿಟ್ಟು ಬೇಕು. (1999ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಗೆ ತಳ್ಳಿದ್ದು ಮಾತ್ರ ಮುಖ್ಯವಾಗಿ ಸೇತುವೆ ಕಾಮಗಾರಿ, ಅಂಗಡಿಗಳಲ್ಲ.) ಆದರೆ ಕಲ್ಲನ್ನು ಮುಟ್ಟದ ಮಳಿಗೆ, ಎತ್ತರಕ್ಕೊಂದು ಮಿತಿ, ಇಂಥ ನಡುದಾರಿಗಳಿದ್ದವು. ವ್ಯಾಪಾರ ಕಂಡ ಮಂಟಪಗಳನ್ನು ಬರಿದು ಮಾಡಿ ಅದನ್ನೇ ಜೀರ್ಣೋದ್ಧಾರ ಎನ್ನುವುದು ಒಪ್ಪತಕ್ಕ ಮಾತಲ್ಲ. ತೆರವಾದ ಕುಟುಂಬಗಳಿಗೆ ನಿವೇಶನ ತೋರಿಸಿದ್ದು ಕಡ್ಡಿರಾಂಪುರದ ಬಳಿ, ಗುಡಿಗೆ ಬಂದ ಯಾತ್ರಿಕರು ನಡೆದು ಹೋಗದಷ್ಟು ದೂರದಲ್ಲಿ.