ಬೀಗದ ಕೈ ಯಾರ ಕೈಯಲ್ಲಿ?

ಅಂತರಜಾಲದ ಪುಟಗಳನ್ನು ತೆರೆದು ತೋರಿಸುವುದು ಬ್ರೌಸರಿನ ಕೆಲಸ. ಜಾಹೀರಾತನ್ನು ತಡೆಯುವುದು, ಪಾಸ್‌ವರ್ಡುಗಳನ್ನು ನೆನಪಿಡುವುದು, ಅರಿಯದ ಪದಕ್ಕೆ ಅರ್ಥ ಹೇಳುವುದು ಮೊದಲಾದ ಹೆಚ್ಚಿನ ಕೆಲಸಗಳು ಬೇಕಾದರೆ ಹೊರಗಿನಿಂದ ಚಿಕ್ಕ ತಂತ್ರಾಂಶಗಳನ್ನು ಸೇರಿಸಿಕೊಳ್ಳಬಹುದು. ಇವುಗಳಿಗೆ ಎಕ್ಸ್‌ಟೆನ್ಷನ್, ಅಂದರೆ ವಿಸ್ತರಣೆ ಎಂದು ಹೆಸರು. ಫೈರ್‌ಫಾಕ್ಸಿನಲ್ಲಿ ಇವು 2004ರಿಂದಲೂ, ಕ್ರೋಮಿನಲ್ಲಿ 2010ರಿಂದಲೂ ಬಳಕೆಯಲ್ಲಿವೆ.

ಸೇರಿಸುವ ಬಗೆ ಸುಲಭ. ಕಂಪ್ಯೂಟರಿನಲ್ಲಿ ಕ್ರೋಮ್ ಬಳಸುವವರು ಕ್ರೋಮ್ ವೆಬ್ ಸ್ಟೋರಿಗೆ ಹೋಗಿ, ಬೇಕಾದುದನ್ನು ಹುಡುಕಿ, ‘ಆ್ಯಡ್ ಟು ಕ್ರೋಮ್’ ಎಂಬ ಗುಂಡಿಯನ್ನು ಒತ್ತಬೇಕು. ಆಗ ಒಂದು ಚಿಕ್ಕ ಚೌಕ ಎದುರಾಗುತ್ತದೆ. ಅನೇಕರು ಅದನ್ನು ಓದದೆಯೇ ಒಪ್ಪಿಬಿಡುತ್ತಾರೆ. ತಾವು ಹಾಗೆ ಮಾಡಬಾರದು. ವಿಸ್ತರಣೆಯು ಕೇಳುವ ಅನುಮತಿಗಳೆಲ್ಲ ಬರೆದಿರುವುದು ಅಲ್ಲಿಯೇ. ‘ಎಲ್ಲ ತಾಣಗಳಲ್ಲಿನ ತಮ್ಮ ಮಾಹಿತಿಯನ್ನು ಓದುವ, ಬದಲಿಸುವ’ ಅನುಮತಿ ಎಂದಿದ್ದರೆ, ತಾವು ತೆರೆಯುವ ಬ್ಯಾಂಕಿನ ಪುಟವೂ ಅದರ ಕಣ್ಣಿಗೆ ಬೀಳಬಹುದೆಂದು ಅರ್ಥ. ಪದದ ಅರ್ಥ ಹೇಳಲು ಬಂದವನಿಗೆ ತಿಜೋರಿಯ ಬೀಗದ ಕೈ ಏಕೆ?

ಇಂದು ಒಳ್ಳೆಯದಾಗಿರುವುದು ನಾಳೆಯೂ ಹಾಗೆಯೇ ಇದ್ದೀತೆಂಬ ಭರವಸೆಯಿಲ್ಲ. ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಜನಪ್ರಿಯ ವಿಸ್ತರಣೆಯನ್ನು ಅದರ ಕರ್ತೃ 2020ರಲ್ಲಿ ಬೇರೆಯವರಿಗೆ ಮಾರಿದರು. ವಿಸ್ತರಣೆಗಳು ತಾವಾಗಿಯೇ ನವೀಕರಣಗೊಳ್ಳುವುದರಿಂದ, ಒಡೆಯರು ಬದಲಾದದ್ದು ಬಹುಮಂದಿ ಬಳಕೆದಾರರಿಗೆ ತಿಳಿಯಲೇ ಇಲ್ಲ. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಹಾನಿಕಾರಕವೆಂದು ಸಾರಿ, ಎಲ್ಲರ ಬ್ರೌಸರುಗಳಲ್ಲಿಯೂ ನಿಲ್ಲಿಸಿತು.

ಆದ್ದರಿಂದ ಆಗಾಗ ತಪಾಸಣೆ ಅಗತ್ಯ. ಕ್ರೋಮಿನ ಬಲ ಮೇಲ್ಮೂಲೆಯ ಮೂರು ಚುಕ್ಕೆಗಳನ್ನು ಒತ್ತಿ, ‘ಎಕ್ಸ್‌ಟೆನ್ಷನ್ಸ್’ ಎಂಬಲ್ಲಿಂದ ‘ಮ್ಯಾನೇಜ್ ಎಕ್ಸ್‌ಟೆನ್ಷನ್ಸ್’ ಎಂಬಲ್ಲಿಗೆ ಹೋಗಿರಿ. ಸೇರಿಸಿಕೊಂಡ ವಿಸ್ತರಣೆಗಳೆಲ್ಲ ಅಲ್ಲಿ ಸಾಲಾಗಿ ಕಾಣುತ್ತವೆ. ಪ್ರತಿಯೊಂದರ ಬಳಿಯೂ ಒಂದು ಸ್ವಿಚ್ಚು ಇರುತ್ತದೆ. ಅದನ್ನು ಆರಿಸಿದರೆ ವಿಸ್ತರಣೆ ಕೆಲಸ ನಿಲ್ಲಿಸುತ್ತದೆ, ಆದರೆ ಮನೆ ಬಿಟ್ಟು ಹೋಗುವುದಿಲ್ಲ. ಬೇಕಾದಾಗ ಮತ್ತೆ ಹಾಕಬಹುದು. ‘ರಿಮೂವ್’ ಒತ್ತಿದರೆ ಪೂರ್ತಿ ಹೊರಟುಹೋಗುತ್ತದೆ. ‘ಡೀಟೇಲ್ಸ್’ ಎಂಬಲ್ಲಿ, ಎಲ್ಲ ತಾಣಗಳಿಗೂ ಇರುವ ಪ್ರವೇಶವನ್ನು ಕೆಲವೇ ತಾಣಗಳಿಗೆ, ಇಲ್ಲವೆ ತಾವು ಒತ್ತಿದಾಗ ಮಾತ್ರ ಎಂಬಷ್ಟಕ್ಕೆ ಮಿತಿಗೊಳಿಸಲು ಸಾಧ್ಯ.

ಯಾವುದಾದರೂ ಪುಟ ಸರಿಯಾಗಿ ತೆರೆಯದಿದ್ದರೆ, ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಒಂದೊಂದಾಗಿ ಹಾಕುತ್ತ ಪುಟವನ್ನು ಮತ್ತೆ ತೆರೆದು ನೋಡಿರಿ. ಯಾವುದನ್ನು ಹಾಕಿದಾಗ ತೊಂದರೆ ಮರುಕಳಿಸುವುದೋ ಅದೇ ದೋಷಿ.

ತಿಂಗಳಿಗೊಮ್ಮೆ ಈ ಪಟ್ಟಿಯ ಮೇಲೆ ಕಣ್ಣಾಡಿಸಿರಿ. ಏಕೆ ಸೇರಿಸಿದೆವೆಂದು ನೆನಪಿಗೆ ಬಾರದ ವಿಸ್ತರಣೆಯನ್ನು ಅಂದೇ ತೆಗೆದುಹಾಕುವುದು ಕ್ಷೇಮ.