ಲಕ್ಷ್ಮಿಯ ಊರಿನ ಸರಸ್ವತಿ

ಗೊರವನಹಳ್ಳಿಯ ಹೆಸರನ್ನು ಕೇಳದ ಗೃಹಿಣಿಯರು ಬೆಂಗಳೂರು, ತುಮಕೂರುಗಳಲ್ಲಿ ವಿರಳ. ಕೊರಟಗೆರೆ ತಾಲ್ಲೂಕಿನ ಈ ಪುಟ್ಟ ಊರಿಗೆ ಶುಕ್ರವಾರ ಬಂತೆಂದರೆ ಸಾಲುಸಾಲಾಗಿ ವಾಹನಗಳು ಬರುತ್ತವೆ. ಮಹಾಲಕ್ಷ್ಮಿಯ ದರ್ಶನವಾಗುತ್ತದೆ, ಪ್ರಸಾದ ಸ್ವೀಕಾರವಾಗುತ್ತದೆ. ಬಿಡುವಿದ್ದವರು ತೀತಾ ಜಲಾಶಯದ ದಡದಲ್ಲಿ ಒಂದಿಷ್ಟು ಹೊತ್ತು ಕುಳಿತು ಗಾಳಿ ಸೇವಿಸಿ, ಸಂಜೆಯೊಳಗೆ ಮನೆ ಸೇರುತ್ತಾರೆ. ಪೂಜೆ ನಿಂತುಹೋಗಿದ್ದ ಗುಡಿಯಲ್ಲಿ ಮತ್ತೆ ದೀಪ ಹಚ್ಚಿ, ಈ ಸ್ಥಳ ನಾಡಿಗೆಲ್ಲ ತಿಳಿಯುವಂತೆ ಮಾಡಿದವರು ಕಮಲಮ್ಮನವರು. ಒಬ್ಬ ಹೆಣ್ಣುಮಗಳ ಛಲದಿಂದ ಬೆಳೆದ ಕ್ಷೇತ್ರವಿದು ಎಂಬುದನ್ನು ಯಾತ್ರಿಕರಲ್ಲಿ ಅನೇಕರು ಬಲ್ಲರು.

ಆದರೆ ಅದೇ ಶುಕ್ರವಾರದ ಬೆಳಗಿನಲ್ಲಿ ಮತ್ತೊಬ್ಬ ಹೆಣ್ಣುಮಗಳ ಛಲವನ್ನು ನಾನು ಕಾಣಬೇಕಾಯಿತು. ಕಾಣುವುದಕ್ಕೆ ಮುನ್ನ ಒಂದು ತಪ್ಪನ್ನೂ ಮಾಡಿದೆ. ಅದನ್ನು ಹೇಳಿಕೊಳ್ಳುವುದೇ ಈ ಬರಹದ ಉದ್ದೇಶ.

ನಾನು ಕನ್ನಡದ ಅಧ್ಯಾಪಕ. ಶುಕ್ರವಾರ ಮೊದಲನೆಯ ಪಿರಿಯಡ್ಡು ನನ್ನದು. ಪಾಠ ಪಂಪನ ‘ವಿಕ್ರಮಾರ್ಜುನ ವಿಜಯ’. ಹಳಗನ್ನಡವೆಂದರೆ ಮುಖ ಸಿಂಡರಿಸುವ ವಿದ್ಯಾರ್ಥಿಗಳ ನಡುವೆ, ಮುಂದಿನ ಬೆಂಚಿನಲ್ಲಿ ಕಣ್ಣರಳಿಸಿ ಕುಳಿತು ಕೇಳುವವಳು ಒಬ್ಬಳಿದ್ದಳು. ಸೋಮವಾರ ಬರುತ್ತಾಳೆ, ಬುಧವಾರ ಬರುತ್ತಾಳೆ. ಶುಕ್ರವಾರ ಮಾತ್ರ ಪಾಠ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಪ್ರತ್ಯಕ್ಷಳಾಗುತ್ತಾಳೆ. ಮೂರು ವಾರ ಸಹಿಸಿದೆ. ನಾಲ್ಕನೆಯ ವಾರ, “ಏನಮ್ಮ, ಶುಕ್ರವಾರ ನಿಮ್ಮೂರಲ್ಲಿ ಸೂರ್ಯ ತಡವಾಗಿ ಹುಟ್ಟುತ್ತಾನೋ?” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಆಕೆ ತಲೆ ತಗ್ಗಿಸಿ ಹೊರಗೇ ನಿಂತಳು. ನನಗೂ ನನ್ನ ಹಾಸ್ಯದ ಬಗ್ಗೆ ಸ್ವಲ್ಪ ಹೆಮ್ಮೆಯೇ ಆಯಿತೆಂದು ಹೇಳಬೇಕು.

ಮಧ್ಯಾಹ್ನ ಆಕೆ ಅಧ್ಯಾಪಕರ ಕೊಠಡಿಗೆ ಬಂದಳು. ಕ್ಷಮೆ ಕೇಳಲೋ, ಹಾಜರಿಗಾಗಿ ಬೇಡಿಕೊಳ್ಳಲೋ ಬಂದಿರಬೇಕೆಂದು ಭಾವಿಸಿದೆ. ಆಕೆ ನೋಟ್‌ಬುಕ್ಕನ್ನು ತೆರೆದು ಮೇಜಿನ ಮೇಲಿಟ್ಟಳು. ಗೆಳತಿಯಿಂದ ನಕಲು ಮಾಡಿಕೊಂಡ ಆ ದಿನದ ಟಿಪ್ಪಣಿ. ಅದರ ಕೆಳಗೆ ಅರ್ಥವಾಗದ ಹದಿನಾಲ್ಕು ಪದಗಳ ಪಟ್ಟಿ.

“ಸಾರ್, ಹಾಜರಿ ಬೇಡ. ಕರ್ಣನ ಭಾಗ ನನಗೆ ತಪ್ಪಿಹೋಯಿತು. ಬಿಡುವಿದ್ದಾಗ ಇದನ್ನೊಂದು ಸಲ ಹೇಳಿಕೊಡುತ್ತೀರಾ?”

ಅಂದು ಅರ್ಧ ಗಂಟೆ ಪಾಠ ಹೇಳಿದೆ. ಅದರ ನಡುವೆ ಆಕೆಯ ದಿನಚರಿಯೂ ಒಂದೊಂದಾಗಿ ತಿಳಿದುಬಂತು.

ಗೊರವನಹಳ್ಳಿಯ ಆಸುಪಾಸಿನಲ್ಲಿ ಆಕೆಯ ತಂದೆಗೆ ಅಲ್ಪ ಸ್ವಲ್ಪ ಹೊಲವಿದೆ. ಒಂದು ಭಾಗದಲ್ಲಿ ರಾಗಿ, ಒಂದು ಅಂಚಿನಲ್ಲಿ ಕನಕಾಂಬರ. ಬೆಳಗಿನ ಜಾವ ನಾಲ್ಕೂವರೆಗೆ ಆಕೆ ಏಳುತ್ತಾಳೆ. ಹಸುವಿನ ಹಾಲು ಕರೆದು ಡೇರಿಗೆ ಹಾಕುವುದು, ಅಂಗಳ ಸಾರಿಸುವುದು, ತಮ್ಮನನ್ನು ಶಾಲೆಗೆ ಸಿದ್ಧಗೊಳಿಸುವುದು, ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಓಡುವುದು, ಇದು ನಿತ್ಯದ ಕ್ರಮ. ಶುಕ್ರವಾರ ಇದರ ಜೊತೆಗೆ ಇನ್ನೊಂದು ಕೆಲಸ. ಗುರುವಾರ ರಾತ್ರಿ ಬಾಳೆನಾರಿನಲ್ಲಿ ಕಟ್ಟಿಟ್ಟ ಹೂವಿನ ದಂಡೆಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ತಾಯಿಯೊಡನೆ ದೇವಸ್ಥಾನದ ಹಾದಿಯಲ್ಲಿ ಕುಳಿತುಕೊಳ್ಳಬೇಕು. ಬೆಳಗಿನ ಜನಸಂದಣಿ ಕರಗುವವರೆಗೆ ಮೊಳದ ಲೆಕ್ಕದಲ್ಲಿ ವ್ಯಾಪಾರ. ಆ ಒಂದು ಬೆಳಗಿನ ಸಂಪಾದನೆಯೇ ಆಕೆಯ ಪುಸ್ತಕಕ್ಕೆ, ಪರೀಕ್ಷಾ ಶುಲ್ಕಕ್ಕೆ ಆಧಾರ.

“ಓದುವುದು ಯಾವಾಗಮ್ಮ?” ಎಂದು ಕೇಳಿದೆ.

“ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕರೆ ಬಸ್ಸಿನಲ್ಲಿ ಸಾರ್. ಇಲ್ಲದಿದ್ದರೆ ರಾತ್ರಿ, ಹೂ ಕಟ್ಟುತ್ತಾ. ಕೈ ತಾನಾಗಿ ಕಟ್ಟುತ್ತದೆ, ಕಣ್ಣು ಪುಸ್ತಕದ ಮೇಲಿರುತ್ತದೆ.”

ನನ್ನ ಬೆಳಗಿನ ಹಾಸ್ಯ ನನಗೇ ಚುಚ್ಚಿತು.

ವಿದ್ಯೆಗಾಗಿ ಇಂಥ ಕಷ್ಟ ನಮ್ಮ ನಾಡಿಗೆ ಹೊಸದಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನವೆಂಬ ಪದ್ಧತಿಯಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಯಾವುದಾದರೊಂದು ದಿನಕ್ಕೆ ಮನೆ ದೊರೆಯದಿದ್ದರೆ ಅಂದು ತಣ್ಣೀರೇ ಗತಿ. ಈ ಸೀಮೆಗೆ ಹತ್ತಿರವೇ ಇರುವ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು, ಪ್ರೌಢಶಾಲೆ ಸೇರಬೇಕೆಂಬ ಒಂದೇ ಹಂಬಲದಿಂದ 1935ರಲ್ಲಿ ಬೆಂಗಳೂರಿಗೆ ನಡೆದೇ ಬಂದರು. ಸುಮಾರು 50 ಮೈಲಿಯ ದಾರಿ, ಬಸ್ಸಿಗೆ ಹಣವಿರಲಿಲ್ಲ. ಆ ಬರಿಗೈಯ ಬಾಲಕ ಮುಂದೆ ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು; ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಆದರೂ 2005ರಲ್ಲಿ ಕಣ್ಮುಚ್ಚುವವರೆಗೆ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯೊಂದನ್ನೇ ಮನೆಯಾಗಿ ಮಾಡಿಕೊಂಡಿದ್ದರು.

ತುಮಕೂರಿನ ಸಿದ್ಧಗಂಗೆಯ ಕಥೆಯೂ ಇದೇ ಬಗೆಯದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ತರುಣರೊಬ್ಬರು 1930ರಲ್ಲಿ ಸನ್ಯಾಸ ಸ್ವೀಕರಿಸಿ ಶಿವಕುಮಾರ ಸ್ವಾಮಿಗಳಾದರು. ಬಡ ವಿದ್ಯಾರ್ಥಿಯ ಹಸಿವೇನೆಂಬುದನ್ನು ಕಂಡಿದ್ದ ಅವರು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳಿಗೆ ಜಾತಿಭೇದವಿಲ್ಲದೆ ಅನ್ನವನ್ನೂ ಅಕ್ಷರವನ್ನೂ ಜೊತೆಯಾಗಿ ನೀಡಿದರು. ಹಸಿದ ಹೊಟ್ಟೆಗೆ ವ್ಯಾಕರಣ ರುಚಿಸದೆಂಬ ಸತ್ಯವನ್ನು ನಮ್ಮಂಥ ಅಧ್ಯಾಪಕರಿಗಿಂತ ಚೆನ್ನಾಗಿ ಅರಿತಿದ್ದವರು ಅವರು.

ಈ ಉದಾಹರಣೆಗಳಲ್ಲಿ ಒಂದು ಕೊರತೆಯಿದೆ. ನಡೆದು ಬಂದವರೂ ವಾರಾನ್ನ ಉಂಡವರೂ ಬಹುಮಟ್ಟಿಗೆ ಗಂಡುಮಕ್ಕಳು. ಹೆಣ್ಣುಮಗಳು ಹಾಗೆ ಊರು ಬಿಟ್ಟು ಹೊರಡುವಂತಿರಲಿಲ್ಲ. ಹಳ್ಳಿಯ ಹುಡುಗಿಯ ಓದು ಊರಿನ ಶಾಲೆ ಮುಗಿದ ದಿನವೇ ಮುಗಿಯುತ್ತಿತ್ತು. ದೂರ ಎಂಬುದೇ ಒಂದು ಕಾರಣ, ಬಸ್ಸಿನ ಖರ್ಚು ಇನ್ನೊಂದು. 2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಮಹಿಳೆಯರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾದಾಗ ಪರ ವಿರೋಧದ ಚರ್ಚೆ ಸಾಕಷ್ಟು ನಡೆಯಿತು. ನನ್ನ ವಿದ್ಯಾರ್ಥಿನಿಯ ಅಭಿಪ್ರಾಯ ಚಿಕ್ಕದಾಗಿತ್ತು: “ಮುಂಚೆ ಪಾಸಿನ ದುಡ್ಡು ಕೇಳುವಾಗ ಅಪ್ಪನ ಮುಖ ನೋಡಬೇಕಿತ್ತು ಸಾರ್. ಈಗ ಬೇಕಿಲ್ಲ.”

ಆದರೆ ಬಸ್ಸು ಸಿಕ್ಕಿದರೆ ಸಾಲದು. ಪರೀಕ್ಷೆಗೆ ಕೂರಬೇಕಾದರೆ ನೂರಕ್ಕೆ 75ರಷ್ಟು ಹಾಜರಿ ಬೇಕೆಂಬುದು ನಿಯಮ. ನನ್ನ ವಿಷಯದಲ್ಲಿ ಆಕೆಯ ಹಾಜರಿ ಆ ಗೆರೆಗಿಂತ ಕೆಳಗಿಳಿದಿತ್ತು. ಕೊರತೆಯುಳ್ಳವರ ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಾಕುವ ಗಡುವು ಸಮೀಪಿಸಿತ್ತು. ಆ ಪಟ್ಟಿಯ ಸುದ್ದಿ ಮನೆಗೆ ಮುಟ್ಟಿದರೆ ಏನಾಗುವುದೆಂದು ಕೇಳಿದ್ದಕ್ಕೆ, “ಸೋದರತ್ತೆಯ ಕಡೆಯಿಂದ ಸಂಬಂಧ ಬಂದಿದೆ ಸಾರ್. ಓದು ನಡೆಯುತ್ತಿದೆ ಎಂದು ಅಪ್ಪ ತಡೆದಿದ್ದಾರೆ” ಎಂದಷ್ಟೇ ಹೇಳಿದಳು. ಮುಂದಿನದನ್ನು ಊಹಿಸಲು ಪಾಂಡಿತ್ಯ ಬೇಕಿರಲಿಲ್ಲ.

ನಿಯಮವನ್ನು ಮುರಿಯುವ ಅಧಿಕಾರ ನನಗಿಲ್ಲ. ಸುಳ್ಳು ಹಾಜರಿ ಹಾಕುವ ಮನಸ್ಸೂ ಇಲ್ಲ, ಆಕೆಯೂ ಅದನ್ನು ಕೇಳಲಿಲ್ಲ. ಆದರೆ ವೇಳಾಪಟ್ಟಿ ಶಿಲಾಶಾಸನವೇನಲ್ಲ. ಇತಿಹಾಸದ ಸಹೋದ್ಯೋಗಿಯೊಡನೆ ಮಾತನಾಡಿ, ಪ್ರಾಂಶುಪಾಲರ ಒಪ್ಪಿಗೆ ಪಡೆದು, ಶುಕ್ರವಾರದ ನನ್ನ ಮೊದಲ ಪಿರಿಯಡ್ಡನ್ನು ಮಧ್ಯಾಹ್ನದ ಕೊನೆಯದಕ್ಕೆ ಬದಲಾಯಿಸಿಕೊಂಡೆ. ಇತಿಹಾಸ ಆಕೆಯ ವಿಷಯವಲ್ಲವಾದ್ದರಿಂದ ತೊಡಕಾಗಲಿಲ್ಲ. ಹಳಗನ್ನಡ ಹಿಂದುಳಿದಿದ್ದವರಿಗಾಗಿ ಶನಿವಾರ ಹೆಚ್ಚಿನ ತರಗತಿಗಳನ್ನೂ ನಡೆಸಿದೆವು. ಅವು ಹಾಜರಿಯ ಲೆಕ್ಕಕ್ಕೆ ಸೇರಿದವು. ಮೊದಲ ಶನಿವಾರ ಆರು ಮಂದಿ ಬಂದರು, ಕೊನೆಗೆ ಇಪ್ಪತ್ತು ದಾಟಿತು. ತಡವಾಗಿ ಬರುವವರಲ್ಲಿ ಒಬ್ಬ ಮುಂಜಾನೆ ಪತ್ರಿಕೆ ಹಂಚುವವನೆಂದೂ, ಇನ್ನೊಬ್ಬ ರಾತ್ರಿ ಹೋಟೆಲಿನಲ್ಲಿ ದುಡಿಯುವವನೆಂದೂ ಆಗಲೇ ನನಗೆ ತಿಳಿದದ್ದು. ಅಷ್ಟು ವರ್ಷ ಪಾಠ ಹೇಳಿಯೂ ನಾನು ಅವರ ಹೆಸರು ಕರೆದಿದ್ದೆನೇ ಹೊರತು ಅವರನ್ನು ಕಂಡಿರಲಿಲ್ಲ.

ಪಟ್ಟಿ ಹೊರಬಿದ್ದಾಗ ಆಕೆಯ ಹೆಸರು ಅದರಲ್ಲಿರಲಿಲ್ಲ. ಪರೀಕ್ಷೆ ಬರೆದಳು. ಫಲಿತಾಂಶ ಬಂದ ದಿನ ಒಂದು ಮೊಳ ಕನಕಾಂಬರವನ್ನು ಎಲೆಯಲ್ಲಿ ಸುತ್ತಿ ತಂದು, “ಅಮ್ಮನವರಿಗೆ ಕೊಡಿ ಸಾರ್” ಎಂದು ನನ್ನ ಮನೆಯವರಿಗಾಗಿ ಕೊಟ್ಟಳು. ಜೊತೆಗೆ ಒಂದು ಪ್ರಶ್ನೆ: “ಎಂ.ಎ.ಗೆ ತುಮಕೂರಿಗೆ ದಿನಾ ಹೋಗಿ ಬರಬಹುದೇ ಸಾರ್?”

ಹೋಗಿ ಬರಬಹುದು ಎಂದೆ. ಕಷ್ಟ ಎಂದು ಹೇಳುವ ಅಗತ್ಯವಿರಲಿಲ್ಲ. ಅದನ್ನು ಆಕೆ ನನಗಿಂತ ಚೆನ್ನಾಗಿ ಬಲ್ಲಳು.

ವಾಚಕರಲ್ಲಿ ಅನೇಕರು ಮುಂದೊಂದು ಶುಕ್ರವಾರ ಗೊರವನಹಳ್ಳಿಗೆ ಹೋಗುವಿರಿ. ದೇವಿಗೆ ಹೂ ಕೊಳ್ಳುವಾಗ, ಎರಡು ರೂಪಾಯಿಗಾಗಿ ಚೌಕಾಸಿ ಮಾಡುವ ಮುನ್ನ, ಬುಟ್ಟಿಯ ಪಕ್ಕಕ್ಕೆ ಒಮ್ಮೆ ಕಣ್ಣು ಹಾಯಿಸಿ. ಮಡಿಸಿಟ್ಟ ಒಂದು ಪುಸ್ತಕ ಅಲ್ಲಿದ್ದರೂ ಇರಬಹುದು.