ಬೈರಮಂಗಲದ ನೊರೆ ಏಕೆ ಒಡೆಯುವುದಿಲ್ಲ?

ಬಟ್ಟೆ ನೆನೆಸಿದ ಬಕೆಟ್ಟಿನ ನೊರೆ ಸ್ವಲ್ಪ ಹೊತ್ತಿಗೆ ಕುಗ್ಗಿ ಕೂರುತ್ತದೆ. ರಾಮನಗರ ಸೀಮೆಯ ಬೈರಮಂಗಲ ಕೆರೆಯ ನೊರೆಯದು ಬೇರೆಯೇ ಜಾತಿ. ನೀರು ಧುಮುಕುವಲ್ಲಿ ಹುಟ್ಟಿ, ಹಿಂಜಿದ ಹತ್ತಿಯಂತೆ ರಾಶಿ ಬಿದ್ದು, ಗಾಳಿ ಎದ್ದರೆ ಮುದ್ದೆ ಮುದ್ದೆಯಾಗಿ ಹಾರುತ್ತದೆ. ಗುಳ್ಳೆ ಎಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆಯಬೇಕಾದದ್ದು. ಇದನ್ನು ಒಡೆಯದಂತೆ ಹಿಡಿದಿರುವುದು ಯಾವುದು?

ಕೇಳಿದರೆ ಸಿದ್ಧ ಉತ್ತರವೊಂದು ಬರುತ್ತದೆ: ‘ಫಾಸ್ಫೇಟ್’. ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಇದು ತಪ್ಪು. ಫಾಸ್ಫೇಟ್ ಕೆರೆಯಲ್ಲಿ ಪಾಚಿ, ಅಂತರಗಂಗೆಗಳನ್ನು ಕೊಬ್ಬಿಸುತ್ತದೆಯೇ ಹೊರತು ನೊರೆ ಕಟ್ಟುವುದಿಲ್ಲ. ಬಸವನಗುಡಿಯ ಕಡೆ ಹುಟ್ಟಿ, ಬೆಂಗಳೂರಿನ ಬಚ್ಚಲ ನೀರು, ಕಾರ್ಖಾನೆಗಳ ನೀರು ಎರಡನ್ನೂ ಹೊತ್ತು ಇಲ್ಲಿಗೆ ಬರುವ ವೃಷಭಾವತಿಯಲ್ಲಿ ನೊರೆ ಕಟ್ಟುವುದು ಮುಖ್ಯವಾಗಿ ಮಾರ್ಜಕದ ಅಣು. ಅದಕ್ಕೊಂದು ಉದ್ದ ಬಾಲ, ಒಂದು ಪುಟ್ಟ ತಲೆ. ಬಾಲಕ್ಕೆ ನೀರು ಬೇಡ, ತಲೆಗೆ ನೀರೇ ಬೇಕು. ಆ ತಲೆಯ ಮೇಲೆ ಋಣ ವಿದ್ಯುದಾವೇಶವಿದೆ. ಇಡೀ ಕತೆ ಆ ತಲೆಯದೇ.

ಗುಳ್ಳೆಯ ಗೋಡೆ ಒಂದು ತೆಳು ನೀರಿನ ಪೊರೆ. ಅದರ ಎರಡೂ ಮುಖದಲ್ಲಿ ಈ ಅಣುಗಳು ಬಾಲವನ್ನು ಗಾಳಿಗೆ ಚಾಚಿ, ತಲೆಯನ್ನು ನೀರಿಗೆ ಇಟ್ಟು ಸಾಲಾಗಿ ನಿಂತಿರುತ್ತವೆ. ನೀರು ಕೆಳಕ್ಕೆ ಜಿನುಗಿದಂತೆ ಪೊರೆ ತೆಳುವಾಗುತ್ತದೆ, ಎರಡು ಸಾಲುಗಳು ಎದುರುಬದುರಾಗುತ್ತವೆ. ಪ್ರತಿ ಸಾಲಿನ ಮುಂದೆಯೂ ಸೋಡಿಯಂ ಅಯಾನುಗಳ ಧನ ಆವೇಶದ ಮೋಡವೊಂದು ಮುತ್ತಿಕೊಂಡಿರುತ್ತದೆ. ಒಂದೇ ಬಗೆಯ ಆವೇಶದ ಈ ಎರಡು ಮೋಡಗಳು ಇಕ್ಕಟ್ಟಿನಲ್ಲಿ ಒಂದನ್ನೊಂದು ನೂಕುತ್ತವೆ. ಪೊರೆ ಇನ್ನಷ್ಟು ತೆಳುವಾಗದಂತೆ ತಡೆಯುವುದು ಈ ನೂಕಾಟವೇ. ನೀರಿನಲ್ಲಿ ಆವೇಶಗಳ ಬಲ ನಿರ್ವಾತದಲ್ಲಿರುವುದಕ್ಕಿಂತ ಸುಮಾರು 80 ಪಟ್ಟು ಕಡಿಮೆ; ಕರಗಿದ ಉಪ್ಪು ಅದರ ಕೈಯನ್ನು ಇನ್ನೂ ಮೊಟಕು ಮಾಡಿ ಕೆಲವೇ ನ್ಯಾನೋಮೀಟರಿಗೆ ಇಳಿಸುತ್ತದೆ. ಒಂದು ನ್ಯಾನೋಮೀಟರು ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಅಷ್ಟು ಗಿಡ್ಡ ಕೈ ಆಳೆತ್ತರದ ನೊರೆಯನ್ನು ಎತ್ತಿ ಹಿಡಿಯಲು ನೆರವಾಗುತ್ತದೆ!

ಸಜಾತೀಯ ಆವೇಶಗಳು ದೂರ ತಳ್ಳುತ್ತವೆ, ದೂರ ಇಮ್ಮಡಿಯಾದರೆ ಬಲ ಕಾಲು ಭಾಗಕ್ಕಿಳಿಯುತ್ತದೆ ಎಂಬುದು ಶಾಲೆಯ ಪಾಠ. 1785ರಲ್ಲಿ ಫ್ರಾನ್ಸಿನ ಕೂಲಂಬ್ ಇದನ್ನು ಅಳೆದ ತಕ್ಕಡಿಯ ವಿವರ ಈ ಸೀಮೆಯವರು ತಿಳಿಯಬೇಕಾದದ್ದು. ಕೂದಲಿನಷ್ಟು ನವುರಾದ ಬೆಳ್ಳಿಯ ತಂತಿಯಿಂದ ತೂಗಿದ ಅದರ ಅಡ್ಡಕಡ್ಡಿಗೆ ಅವನು ಆರಿಸಿಕೊಂಡದ್ದು ಮೇಣ ಬಳಿದ ರೇಷ್ಮೆ ಎಳೆ. ತುದಿಗೆ ಅರಗಿನ ಕಡ್ಡಿ. ಎರಡೂ ಆವೇಶವನ್ನು ಸೋರಲು ಬಿಡದ ವಸ್ತುಗಳು. ರಾಮನಗರದ ಗೂಡಿನ ಮಾರುಕಟ್ಟೆಯ ರೇಷ್ಮೆ, ಚನ್ನಪಟ್ಟಣದ ಗೊಂಬೆಗೆ ಮೆರುಗು ಕೊಡುವ ಅರಗು! ಎರಡೂ ಊರುಗಳು ಬೈರಮಂಗಲಕ್ಕೆ ಹತ್ತಿರದವೇ.

1950ರ ದಶಕದಲ್ಲಿ ಜರ್ಮನಿ, ಇಂಗ್ಲೆಂಡಿನ ನದಿಗಳೂ ಹೀಗೆ ನೊರೆಗಟ್ಟಿದ್ದವು. ಅಂದಿನ ಮಾರ್ಜಕದ ಬಾಲ ಕವಲೊಡೆದಿತ್ತು. ಬ್ಯಾಕ್ಟೀರಿಯಾಗಳಿಗೆ ಅದನ್ನು ಅರಗಿಸಿಕೊಳ್ಳಲಾಗುತ್ತಿರಲಿಲ್ಲ. ಮುಂದಿನ ದಶಕದಲ್ಲಿ ನೇರ ಬಾಲದ ಅಣುಗಳು ಬಂದವು. ಅವನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ, ಆದರೆ ನೀರಿನಲ್ಲಿ ಆಮ್ಲಜನಕ ಇದ್ದರೆ ಮಾತ್ರ. ಕೊಳಚೆಯಿಂದ ಉಸಿರುಗಟ್ಟಿದ ಹೊಳೆಯಲ್ಲಿ ಅದನ್ನೆಲ್ಲಿಂದ ತರುವುದು? ಶುದ್ಧೀಕರಣ ಘಟಕಗಳು ನೀರಿಗೆ ಗಾಳಿ ಊದುವುದು ಇದಕ್ಕೇ. ಊದದೆ ಹರಿಯಬಿಟ್ಟ ನೀರು ಕಳೆದುಕೊಳ್ಳಬೇಕಾದ ಮಾರ್ಜಕವನ್ನು ಹೊತ್ತುಕೊಂಡೇ ಈ ಕೆರೆಗೆ ಇಳಿಯುತ್ತದೆ. ಕೆರೆಯ ಕೆಳಗಿನ ರೈತರು ಅದೇ ನೀರಿಗೆ ಕಾಲಿಟ್ಟು ಹೊಲಕ್ಕೆ ಹಾಯಿಸಬೇಕಾಗಿರುವುದು ಅನ್ಯಾಯ.

ನೊರೆಯನ್ನು ಹಿಡಿದಿಟ್ಟ ಇದೇ ಋಣ ಆವೇಶ ಕೆಮ್ಮಣ್ಣಿನ ನೀರನ್ನೂ ಕದಡಿದಂತೆಯೇ ಇಟ್ಟಿರುತ್ತದೆ. ಜೇಡಿಯ ಕಣಗಳು ಒಂದನ್ನೊಂದು ದೂಡುವುದರಿಂದ ತಳಕ್ಕೆ ಕೂರುವುದಿಲ್ಲ. ಅದಕ್ಕೆ ಪಟಿಕ ಹಾಕಿದರೆ ಮೂರು ಧನ ಆವೇಶದ ಅಲ್ಯುಮಿನಿಯಂ ಅಯಾನು ಆ ಜಗಳವನ್ನು ಬಿಡಿಸುತ್ತದೆ. ಸೋಡಿಯಂನಂಥ ಒಂಟಿ ಆವೇಶದ ಅಯಾನಿಗಿಂತ ಅದು 3 ಪಟ್ಟು ಮಾತ್ರ ಸಮರ್ಥವಲ್ಲ. ಸಿದ್ಧಾಂತದ ಲೆಕ್ಕದಲ್ಲಿ 3ರ ಆರನೆಯ ಘಾತ, ಅಂದರೆ 729 ಪಟ್ಟು! ಇಂಥ ಪಟಿಕದ ಕಲ್ಲನ್ನು ಕಪ್ಪು ದಾರದಲ್ಲಿ ಕಟ್ಟಿ, ದೃಷ್ಟಿ ತಾಗದಿರಲೆಂದು ಅಂಗಡಿ ಬಾಗಿಲಿಗೆ ತೂಗುಹಾಕುತ್ತಾರೆ. ಬಾಗಿಲಲ್ಲಿ ಅದಕ್ಕೆ ಯಾವ ಕೆಲಸವೂ ಇಲ್ಲ. ಅದರ ಕೆಲಸ ಕೊಡದಲ್ಲಿದೆ. ಹಾಗೆಂದು ಬೈರಮಂಗಲದ ನೀರಿಗೆ ಪಟಿಕ ಹಾಕಿ ಕುಡಿಯಬಹುದೆಂದು ಯಾರೂ ತಿಳಿಯಬಾರದು. ಕಲಕು ಇಳಿದೀತು, ಕರಗಿದ ವಿಷ ಇಳಿಯುವುದಿಲ್ಲ.

ಆವೇಶಗಳ ಈ ತಳ್ಳಾಟವನ್ನು ನೋಡಲು ಕೆರೆಗೆ ಹೋಗಬೇಕಿಲ್ಲ. ಒಂದು ಗಾಜಿನ ಬಳೆಯನ್ನು ಸೋಪಿನ ನೀರಿಗೆ ಅದ್ದಿ, ನೆಟ್ಟಗೆ ಹಿಡಿದು, ಕಪ್ಪು ಬಟ್ಟೆಯ ಮುಂದೆ ನೋಡಬೇಕು. ಮೊದಲು ಬಣ್ಣದ ಪಟ್ಟೆಗಳು ಕೆಳಗಿಳಿಯುತ್ತವೆ. ಆಮೇಲೆ ಮೇಲಂಚಿನಲ್ಲಿ ಪೊರೆ ಹರಿದುಹೋದಂತೆ ಕಪ್ಪು ಕಲೆಯೊಂದು ಮೂಡುತ್ತದೆ. ಅದು ತೂತಲ್ಲ. ಬೆಳಕನ್ನು ಪ್ರತಿಫಲಿಸಲೂ ಆಗದಷ್ಟು ಪೊರೆ ಅಲ್ಲಿ ತೆಳುವಾಗಿದೆ. ಎರಡು ಸಾಲು ತಲೆಗಳು ಅಲ್ಲಿ ಎದುರುಬದುರು ನಿಂತು ನೂಕಾಡುತ್ತಿವೆ, ಬಳೆ ಹಿಡಿದ ಕೈ ಅಲುಗುವ ತನಕ.